ಅರವತ್ತರಾಚೆಯ ಜಠರಾಗ್ನಿ



ನಮ್ಮ ಬಾಗಲಕೋಟೆ ಜಿಲ್ಲೆಯ ಬಾದಾಮಿಗೆ ವಾತಾಪಿ ಎಂಬುದು ಹಳೆಯ ಹೆಸರು. ಆ ಹೆಸರಿನ ಹಿಂದಿರುವ ಕಥೆ ತಮಗೆಲ್ಲ ತಿಳಿದದ್ದೇ. ಇಲ್ವಲನೆಂಬ ದೈತ್ಯನು ತನ್ನ ತಮ್ಮ ವಾತಾಪಿಯನ್ನು ಆಡಾಗಿಸಿ, ಅಡಿಗೆ ಮಾಡಿ ಅತಿಥಿಗಳಿಗೆ ಬಡಿಸುತ್ತಿದ್ದ. ಊಟವಾದ ಮೇಲೆ ಹೆಸರು ಹಿಡಿದು ಕೂಗುತ್ತಿದ್ದ. ತಮ್ಮನು ಉಂಡವರ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತಿದ್ದ. ಅಗಸ್ತ್ಯರ ಸರದಿ ಬಂದಾಗ ಮಾತ್ರ ಈ ಹೂಟ ನಡೆಯಲಿಲ್ಲ. ಅವರು ಉಂಡು, ಹೊಟ್ಟೆಯನ್ನು ಸವರಿಕೊಂಡು, ಜೀರ್ಣವಾಗು ಎಂದರು. ಅಣ್ಣ ಎಷ್ಟು ಕೂಗಿದರೂ ತಮ್ಮ ಬರಲಿಲ್ಲ. ಬಾದಾಮಿಯ ಗುಡ್ಡಗಳ ನಡುವಿನ ಕೆರೆಗೆ ಇಂದಿಗೂ ಅಗಸ್ತ್ಯತೀರ್ಥವೆಂದೇ ಹೆಸರು. ಎಳೆಗೂಸಿಗೆ ಹಾಲೂಡಿಸಿದ ತಾಯಂದಿರು ಕೂಸಿನ ಹೊಟ್ಟೆ ನೀವುತ್ತ ಈ ದೈತ್ಯನ ಹೆಸರೆತ್ತುವ ವಾಡಿಕೆ ಇನ್ನೂ ಪೂರ್ತಿ ಅಳಿದಿಲ್ಲ.

ಭಾಷೆಯನ್ನು ಕಲಿಸುತ್ತ ಕಾಲ ಕಳೆದವನಿಗೆ ಈ ಕಥೆಯಲ್ಲಿ ಕಣ್ಣು ಕೀಳಲಾಗದ ಶಬ್ದವೊಂದಿದೆ. ಅದು ಜೀರ್ಣ. ಅರಗಿದ ಅನ್ನವೂ ಜೀರ್ಣ, ಹಳೆಯದಾಗಿ ಕುಸಿದ ಗುಡಿಯೂ ಜೀರ್ಣ. ಜರಾ, ಅಂದರೆ ಮುಪ್ಪು, ಹುಟ್ಟಿದ್ದು ಇದೇ ಧಾತುವಿನಿಂದ. ಅನ್ನವನ್ನು ನಾವು ಜೀರ್ಣಿಸುತ್ತೇವೆ, ಕಾಲ ನಮ್ಮನ್ನು ಜೀರ್ಣಿಸುತ್ತದೆ. ಈ ಎರಡು ಕ್ರಿಯೆಗಳಿಗೆ ಪ್ರಾಚೀನರು ಒಂದೇ ಧಾತುವನ್ನು ಬಳಸಿದ್ದು ಕಾಕತಾಳೀಯವಿರಬಹುದು, ಇಲ್ಲದಿರಬಹುದು. ಆದರೆ ಅರವತ್ತು ದಾಟಿದವನು ತನ್ನ ತಟ್ಟೆಯ ಮುಂದೆ ಕುಳಿತಾಗ ಎರಡೂ ಅರ್ಥಗಳು ಒಟ್ಟಿಗೇ ಎದುರಿಗೆ ಬಂದು ಕೂರುತ್ತವೆ.

ಶರೀರವು ಅನ್ನವನ್ನು ಬಳಸಿಕೊಳ್ಳುವ ಒಟ್ಟು ವ್ಯವಹಾರಕ್ಕೆ ನಮ್ಮ ವಿಜ್ಞಾನ ಲೇಖಕರು ಚಯಾಪಚಯ ಎಂಬ ಒಳ್ಳೆಯ ಹೆಸರನ್ನು ಕೊಟ್ಟಿದ್ದಾರೆ. ಚಯ ಎಂದರೆ ಕೂಡಿಸುವುದು, ಕಟ್ಟುವುದು. ಅಪಚಯ ಎಂದರೆ ಒಡೆಯುವುದು, ವೆಚ್ಚ ಮಾಡುವುದು. ಉಂಡದ್ದರಲ್ಲಿ ಒಂದಿಷ್ಟು ಉರಿದು ಶಾಖವೂ ಶಕ್ತಿಯೂ ಆಗುತ್ತದೆ. ಇನ್ನೊಂದಿಷ್ಟು ರಕ್ತವಾಗಿ, ಮಾಂಸವಾಗಿ, ಎಲುಬಾಗಿ ನಿಲ್ಲುತ್ತದೆ. ಇಂಗ್ಲಿಷಿನ ಮೆಟಬಾಲಿಸಂ ಎಂಬ ಮಾತನ್ನು ಕೇಳಿದೊಡನೆ ನಮಗೆ ಬರಿಯ ಉರಿಯುವಿಕೆಯೇ ನೆನಪಾಗುತ್ತದೆ. ಕನ್ನಡದ ಹೆಸರಿನಲ್ಲಿ ಚಯವೇ ಮೊದಲು ಬರುತ್ತದೆ. ನಾನಿಂದು ಹೇಳಬೇಕೆಂದಿರುವ ಮಾತೂ ಆ ಚಯವನ್ನೇ ಕುರಿತದ್ದು. ಅದಕ್ಕೆ ಮೊದಲು ಉರಿಯ ಬಗೆಗೆ ನಾವು ನಂಬಿಕೊಂಡು ಬಂದ ಒಂದು ತಪ್ಪನ್ನು ತಿದ್ದಿಕೊಳ್ಳಬೇಕಾಗಿದೆ.

ನನಗೆ ಹೊಟ್ಟೆ ಬಂದದ್ದು ನಲವತ್ತರ ಸುಮಾರಿಗೆ. ಕನ್ನಡಿಯ ಮುಂದೆ ನಿಂತಾಗಲೆಲ್ಲ, ವಯಸ್ಸಾಯಿತು, ಜಠರಾಗ್ನಿ ಮಂದವಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಸಹೋದ್ಯೋಗಿಗಳೂ ಇದನ್ನೇ ಹೇಳುತ್ತಿದ್ದರು. ನಾವೆಲ್ಲ ಒಬ್ಬರಿಗೊಬ್ಬರು ಸಾಕ್ಷಿಗಳಾಗಿದ್ದೆವು. ಈ ಸಾಕ್ಷ್ಯ ಸುಳ್ಳೆಂದು ತೋರಿಸಿದ್ದು 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ. ಹರ್ಮನ್ ಪಾಂಟ್ಜರ್ ಎಂಬ ಮಾನವಶಾಸ್ತ್ರಜ್ಞರೂ ಅನೇಕ ದೇಶಗಳ ಅವರ ಸಂಗಡಿಗರೂ ಸೇರಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಂದೆಡೆ ತಂದರು. ಅವರಲ್ಲಿ ಎಂಟು ದಿನದ ಕೂಸೂ ಇತ್ತು, 95 ವರ್ಷದ ವೃದ್ಧರೂ ಇದ್ದರು.

ಅಳೆದ ಬಗೆಯೂ ಸ್ವಾರಸ್ಯದ್ದು. ಜಲಜನಕ ಮತ್ತು ಆಮ್ಲಜನಕಗಳ ಭಾರವಾದ ರೂಪಗಳನ್ನು ಹೊಂದಿದ ನೀರನ್ನು ಕುಡಿಸುತ್ತಾರೆ. ಆ ಜಲಜನಕವು ನೀರಾಗಿ ಮಾತ್ರ ಶರೀರವನ್ನು ಬಿಡುತ್ತದೆ. ಆಮ್ಲಜನಕವು ನೀರಾಗಿಯೂ ಹೋಗುತ್ತದೆ, ಉಸಿರಿನ ಅಂಗಾರಾಮ್ಲವಾಗಿಯೂ ಹೋಗುತ್ತದೆ. ಮೂತ್ರದಲ್ಲಿ ಎರಡರ ಪ್ರಮಾಣವನ್ನು ಕೆಲವು ದಿನ ಅಳೆದು ಕಳೆದರೆ, ಒಳಗಿನ ಒಲೆ ಎಷ್ಟು ಉರಿಯಿತೆಂಬುದು ತಿಳಿಯುತ್ತದೆ. ಇದನ್ನು ಓದಿದಾಗ ನನಗೆ ಇಟಲಿಯ ಸಾಂಕ್ಟೋರಿಯಸ್ ವೈದ್ಯನ ನೆನಪಾಯಿತು. ಅವನು ಸುಮಾರು ಮೂವತ್ತು ವರ್ಷ ದೊಡ್ಡ ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲಿಯೇ ಕುಳಿತು, ಉಂಡದ್ದನ್ನೂ ಬಿಟ್ಟದ್ದನ್ನೂ ತೂಗಿ 1614ರಲ್ಲಿ ಪುಸ್ತಕ ಬರೆದ. ಎಂಟು ಪೌಂಡು ಉಂಡು ಕುಡಿದರೆ ಐದು ಪೌಂಡು ಕಣ್ಣಿಗೆ ಕಾಣದಂತೆ ಮಾಯವಾಗುತ್ತದೆ ಎಂಬುದು ಅವನ ಲೆಕ್ಕ. ಆ ಮಾಯದ ಬೆನ್ನು ಹತ್ತಿದ ವಿಜ್ಞಾನ ನಾಲ್ಕು ಶತಮಾನಗಳಲ್ಲಿ ತಕ್ಕಡಿಯಿಂದ ಇಲ್ಲಿಗೆ ಬಂದು ಮುಟ್ಟಿದೆ.

ಪಾಂಟ್ಜರ್ ತಂಡಕ್ಕೆ ಕಂಡದ್ದೇನು? ಮೈಯ ಗಾತ್ರದ ವ್ಯತ್ಯಾಸವನ್ನು ಸರಿಹೊಂದಿಸಿ ನೋಡಿದರೆ, ಒಂದು ವರ್ಷದ ಮಗುವಿನ ಒಲೆ ದೊಡ್ಡವರ ಒಲೆಗಿಂತ ಒಂದೂವರೆ ಪಟ್ಟು ಜೋರಾಗಿ ಉರಿಯುತ್ತದೆ. ಅಲ್ಲಿಂದ ಮೆಲ್ಲಗೆ ಇಳಿಯುತ್ತ ಇಪ್ಪತ್ತರ ಹೊತ್ತಿಗೆ ಒಂದು ಮಟ್ಟಕ್ಕೆ ಬರುತ್ತದೆ. ಮುಂದೆ ಅರವತ್ತರವರೆಗೆ ಅದು ಹೆಚ್ಚೂಕಡಿಮೆ ಅಲುಗುವುದೇ ಇಲ್ಲ. ಅರವತ್ತರ ಮೇಲೆ ವರ್ಷಕ್ಕೆ ನೂರಕ್ಕೆ 0.7ರಷ್ಟು ತಗ್ಗುತ್ತದೆ. ತೊಂಬತ್ತು ದಾಟಿದವರಲ್ಲಿ ನಡುವಯಸ್ಸಿನವರಿಗಿಂತ ಸುಮಾರು ಕಾಲುಭಾಗ ಕಡಿಮೆ. ಅಂದರೆ ನಲವತ್ತರ ಹೊಟ್ಟೆಗೆ ಜಠರಾಗ್ನಿಯನ್ನು ದೂರಿದ್ದು ನಿರಪರಾಧಿಯ ಮೇಲೆ ಹೊರಿಸಿದ ಆರೋಪ.

ಹಾಗಾದರೆ ಅಪರಾಧಿ ಯಾರು? ಇದಕ್ಕೆ ಉತ್ತರವನ್ನು ಹುಡುಕಲು ನಮ್ಮೂರಿನವರು ಬೇರೆ ದೇಶದ ಅಧ್ಯಯನಕ್ಕೆ ಹೋಗಬೇಕಿಲ್ಲ. ಮಹಾಲಿಂಗಪುರ, ರಬಕವಿ, ಬನಹಟ್ಟಿಗಳು ನೇಕಾರರ ಊರುಗಳು. ಕುಣಿಮಗ್ಗದ ಕಾಲದಲ್ಲಿ ನೇಕಾರನು ಕುಣಿಯಲ್ಲಿ ಕಾಲಿಳಿಬಿಟ್ಟು, ಕಾಲಿನಿಂದ ತುಳಿಯುತ್ತ, ಕೈಯಿಂದ ಲಾಳಿ ಓಡಿಸಿ, ಎಳೆ ಎಳೆಗೂ ನೂಲನ್ನು ಬಡಿದು ಕೂಡಿಸುತ್ತಿದ್ದ. ದಿನವಿಡೀ ಕೈಕಾಲು, ಹೆಗಲು, ಸೊಂಟಗಳಿಗೆ ಬಿಡುವಿರಲಿಲ್ಲ. ಆ ದುಡಿಮೆಗೆ ಹೊತ್ತಿಗೆ ಮೂರು ನಾಲ್ಕು ರೊಟ್ಟಿ ಬೇಕಿತ್ತು. ಮುಂದೆ ವಿದ್ಯುತ್ ಮಗ್ಗಗಳು ಬಂದವು. ಈಗ ನೇಕಾರನು ನಿಂತು ನೋಡುತ್ತಾನೆ, ಎಳೆ ಹರಿದರೆ ಕಟ್ಟುತ್ತಾನೆ. ಬೆನ್ನಿಗೆ ಬಂದ ಆ ಬಿಡುಗಡೆಯನ್ನು ನಾನು ಹಳಿಯಲಾರೆ. ಕುಣಿಮಗ್ಗದ ಕಷ್ಟವನ್ನು ಹಾಡಿ ಹೊಗಳುವವರು ಅದರಲ್ಲಿ ಕೂತವರಲ್ಲ. ಆದರೆ ಮಗ್ಗ ಬದಲಾದಷ್ಟು ಬೇಗ ತಟ್ಟೆ ಬದಲಾಗಲಿಲ್ಲ. ಬೀಸುವ ಕಲ್ಲು ಗಿರಣಿಗೆ ಹೋಯಿತು, ಸೇದುವ ಬಾವಿ ನಳಕ್ಕೆ ಬಂತು, ನಾನು ಸೈಕಲ್ಲಿನಿಂದ ಸ್ಕೂಟರಿಗೆ ಏರಿದೆ. ರೊಟ್ಟಿ ಅಷ್ಟೇ ಇತ್ತು. ಅದರ ಮೇಲೆ ದಿನಕ್ಕೆ ಐದು ಸಲ ಸಕ್ಕರೆ ಹಾಕಿದ ಚಹಾ ಸೇರಿಕೊಂಡಿತು. ಒಳಗಿನ ಬೆಂಕಿ ಕುಂದಿರಲಿಲ್ಲ, ಬೆಂಕಿಗೆ ಕೆಲಸ ಇಲ್ಲವಾಗಿತ್ತು.

ಮುದೋಳದ ಕವಿ ರನ್ನನ ಗದಾಯುದ್ಧದಲ್ಲಿ ಭೀಮನ ಗರ್ಜನೆಯನ್ನು ಕೇಳಿದ ದುರ್ಯೋಧನನು ತಣ್ಣನೆಯ ಕೊಳದೊಳಗೆ ಅಡಗಿ ಕುಳಿತಿದ್ದರೂ ಬೆವರುತ್ತಾನೆ. ಆ ಭೀಮನಿಗೆ ವೃಕೋದರನೆಂಬ ಹೆಸರು, ತೋಳದ ಹೊಟ್ಟೆಯವನು. ಬಕಾಸುರನಿಗೆ ಒಯ್ದ ಬಂಡಿ ಅನ್ನವನ್ನು ತಾನೇ ಉಂಡವನು. ಆದರೆ ಉಂಡ ಮೇಲೆ ಅವನು ಬಕನೊಡನೆ ಸೆಣಸಿದನೆಂಬುದನ್ನು ನಮ್ಮಂಥ ಕುರ್ಚಿಯ ಭೀಮರು ಮರೆಯುತ್ತೇವೆ.

ಇಲ್ಲಿಯವರೆಗೆ ಹೇಳಿದ್ದು ನಡುವಯಸ್ಸಿನ ಕಥೆ. ಅರವತ್ತರ ಆಚೆಗೆ ನಾನು ಮಾಡಿಕೊಂಡ ತಪ್ಪು ಇದಕ್ಕೆ ನೇರ ವಿರುದ್ಧವಾದದ್ದು, ಮತ್ತು ಹೆಚ್ಚು ಅಪಾಯದ್ದು.

ನಿವೃತ್ತನಾದ ಮೇಲೆ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಅಂಚಿಗೆ ಬಂದಿರುವುದು ಕಂಡಿತು. ನಾನೊಬ್ಬನೇ ಅಲ್ಲ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಿಹಿಮೂತ್ರ ರೋಗವಿದೆ, ಇನ್ನೂ 13 ಕೋಟಿಗೂ ಮಿಕ್ಕ ಜನ ಅದರ ಹೊಸ್ತಿಲಲ್ಲಿದ್ದಾರೆ. ನಾನು ಗಾಬರಿಯಾದೆ. ಮುಪ್ಪಿನಲ್ಲಿ ಮಿತಾಹಾರವೇ ಮದ್ದೆಂದು ಎಲ್ಲರೂ ಹೇಳುತ್ತಾರಷ್ಟೆ. ರಾತ್ರಿಯ ಊಟ ಬಿಟ್ಟೆ. ಒಂದು ಹಿಡಿ ಅವಲಕ್ಕಿ, ಅರ್ಧ ಲೋಟ ಮಜ್ಜಿಗೆ. ಹೊಟ್ಟೆ ಭಾರವೆಂದು ಬೇಳೆಕಾಳನ್ನೂ ಬಿಟ್ಟೆ. ಒಂದು ವರ್ಷದಲ್ಲಿ ಏಳು ಕಿಲೋ ಇಳಿದೆ. ಸಂತೆಯಲ್ಲಿ ಕಂಡವರು, “ಏನ್ರಿ ಸರ, ಭಾಳ ಇಳದೀರಲ್ಲ!” ಎಂದರೆ ಒಳಗೊಳಗೇ ಹಿಗ್ಗುತ್ತಿದ್ದೆ. ತಪಸ್ಸು ಫಲಿಸಿತೆಂಬ ಭಾವನೆ.

ನಮ್ಮೂರು ಬೆಲ್ಲದ ಪೇಟೆ. ಯುಗಾದಿಯ ಮುಂದೆ ಹತ್ತು ಕಿಲೋದ ಒಂದು ಪೆಂಟಿ ಬೆಲ್ಲ ಮನೆಗೆ ತರುವುದು ವಾಡಿಕೆ. ಆ ವರ್ಷ ಕಟ್ಟೆಯ ಮೇಲೆ ಇಳಿಸಿ ಹೋಗಿದ್ದ ಪೆಂಟಿಯನ್ನು ಒಳಗೊಯ್ಯಲು ಬಾಗಿದೆ. ಎತ್ತಲಾಗಲಿಲ್ಲ. ಎರಡನೆಯ ಸಲ ಎತ್ತಿದಾಗ ಮೊಳಕಾಲು ನಡುಗಿ ಕಟ್ಟೆಯ ಮೇಲೆಯೇ ಕುಳಿತುಬಿಟ್ಟೆ. ಹತ್ತು ವರ್ಷದ ಮೊಮ್ಮಗ ಬಂದು ಅದನ್ನು ಅಪ್ಪಿಕೊಂಡು ಒಳಗೆ ಹೊತ್ತೊಯ್ದ. ನಾನು ನಕ್ಕೆ, ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ. ವೈದ್ಯರು ತೂಕದ ಚೀಟಿಯನ್ನು ನೋಡಿ ಮೆಚ್ಚಲಿಲ್ಲ. ನನ್ನ ತೊಡೆಯನ್ನು ಹಿಸುಕಿ ನೋಡಿ, “ಕೊಬ್ಬಿನ ಜೊತಿಗೆ ಇದನ್ನೂ ಸುಟ್ಟುಕೊಂಡೀರಿ ಸರ” ಎಂದರು. ನಾನು ಹೊಟ್ಟೆಯನ್ನು ಹಸಿವಿನಲ್ಲಿ ಕೆಡವಿ ಗೆದ್ದೆನೆಂದುಕೊಂಡಿದ್ದೆ. ಕಳೆದುಕೊಂಡದ್ದರಲ್ಲಿ ಒಂದು ದೊಡ್ಡ ಪಾಲು ಸ್ನಾಯುವಾಗಿತ್ತು.

ಚಯವೆಂದರೆ ಕಟ್ಟುವುದು ಎಂದು ಆಗ ಹೇಳಿದೆನಷ್ಟೆ. ಮುಪ್ಪಿನಲ್ಲಿ ನಿಜವಾಗಿ ಸೋಲುವುದು ಉರಿಗಿಂತ ಹೆಚ್ಚಾಗಿ ಈ ಕಟ್ಟುವ ಕೆಲಸ. ಮೂವತ್ತರ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟು ಪಾಲಿನಷ್ಟು ಸ್ನಾಯು ಸವೆಯುತ್ತದೆಂದೂ ಅರವತ್ತರ ಮೇಲೆ ಈ ಸವಕಳಿ ಚುರುಕಾಗುತ್ತದೆಂದೂ ಶಾಸ್ತ್ರಜ್ಞರು ಹೇಳುತ್ತಾರೆ. ಎಳೆಯ ಶರೀರವು ಬೇಳೆಯ ಒಂದು ಸೌಟಿನಿಂದ ಕಟ್ಟಿಕೊಳ್ಳುವಷ್ಟನ್ನು ಮುದಿಯ ಶರೀರ ಕಟ್ಟಿಕೊಳ್ಳಬೇಕಾದರೆ ಎರಡು ಸೌಟು ಬೇಕೆನ್ನುತ್ತದೆ. ಗೌಂಡಿಗೆ ವಯಸ್ಸಾಗಿದೆ, ಅದೇ ಗೋಡೆಗೆ ಹೆಚ್ಚು ಗಾರೆ ಕಲಸಬೇಕು. ಆ ಹೊತ್ತಿಗೆ ಸರಿಯಾಗಿ ನಾನು ಗಾರೆಯನ್ನೇ ನಿಲ್ಲಿಸಿದ್ದೆ.

ಸ್ನಾಯು ಬರಿಯ ಭಾರ ಎತ್ತುವ ಯಂತ್ರವಾಗಿದ್ದರೆ ಮಾಜಿ ಅಧ್ಯಾಪಕನೊಬ್ಬ ಅದಿಲ್ಲದೆ ಹೇಗೋ ಬದುಕಬಹುದಿತ್ತು. ಆದರೆ ಉಂಡ ಅನ್ನದ ಸಕ್ಕರೆಯನ್ನು ರಕ್ತದಿಂದ ಎಳೆದುಕೊಂಡು ಕೂಡಿಡುವ ದೊಡ್ಡ ಹಗೇವು ಅದೇ. ಹಗೇವು ಚಿಕ್ಕದಾದರೆ ಜೋಳ ಅಂಗಳದಲ್ಲಿ ಉಳಿಯುತ್ತದೆ. ಸಕ್ಕರೆಗೆ ಅಂಜಿ ನಾನು ಮಾಡಿದ ಉಪವಾಸ ಸಕ್ಕರೆಯನ್ನಿಡುವ ಜಾಗವನ್ನೇ ಕಿರಿದು ಮಾಡಿತ್ತು. ಭಾರತೀಯರಿಗೆ ಇದು ಇನ್ನೂ ಬಿಗಿಯಾದ ಸಂಗತಿ. ಪುಣೆಯ ಡಾಕ್ಟರ್ ಯಾಜ್ಞಿಕರು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಚಿತ್ರವನ್ನೂ ಇಂಗ್ಲೆಂಡಿನ ಸಹೋದ್ಯೋಗಿಯೊಬ್ಬರ ಚಿತ್ರವನ್ನೂ ಅಕ್ಕಪಕ್ಕದಲ್ಲಿ ಅಚ್ಚು ಮಾಡಿಸಿದರು. ಇಬ್ಬರದೂ ಎತ್ತರಕ್ಕೆ ತಕ್ಕ ಒಂದೇ ತೂಕದ ಪ್ರಮಾಣ. ಆದರೆ ಆ ಇಂಗ್ಲಿಷರ ಮೈಯಲ್ಲಿ ಕೊಬ್ಬು ನೂರಕ್ಕೆ 9, ನಮ್ಮ ಯಾಜ್ಞಿಕರ ಮೈಯಲ್ಲಿ ನೂರಕ್ಕೆ 21. ತೆಳ್ಳಗೆ ಕಾಣುವ ನಮ್ಮೊಳಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಇಂಥ ಮೈಯಿಂದ ಇನ್ನಷ್ಟು ಸ್ನಾಯುವನ್ನು ಕಳೆದುಕೊಂಡರೆ ಉಳಿಯುವುದೇನು?

ಆಯುರ್ವೇದವು ಹೊಟ್ಟೆಯ ಒಂದು ಅಗ್ನಿಯನ್ನಷ್ಟೇ ಹೇಳಿಲ್ಲ. ರಸ, ರಕ್ತ, ಮಾಂಸ ಮೊದಲಾದ ಏಳು ಧಾತುಗಳಿಗೂ ಒಂದೊಂದು ಅಗ್ನಿಯನ್ನು ಎಣಿಸಿದೆ. ಹಳಬರಿಗೆ ಎಲ್ಲವೂ ಮೊದಲೇ ಗೊತ್ತಿತ್ತೆಂದು ಹೇಳುವ ಚಟ ನನಗಿಲ್ಲ. ಆದರೂ ನಾವು ಜಠರಾಗ್ನಿಯೊಂದನ್ನು ಉಳಿಸಿಕೊಂಡು ಮಾಂಸದ ಅಗ್ನಿಯನ್ನು ಮರೆತೆವಲ್ಲ ಎಂದು ಅನ್ನಿಸುತ್ತದೆ.

ಸವೆದದ್ದು ಮರಳಿ ಬರುತ್ತದೆಯೇ? 1990ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಮರಿಯಾ ಫಿಯಾಟರೋನೆ ಎಂಬ ವೈದ್ಯೆ ವೃದ್ಧಾಶ್ರಮದ ಹತ್ತು ಜನರಿಂದ ಎಂಟು ವಾರ ಕಾಲಿನ ಭಾರ ಎತ್ತಿಸಿದ ಪ್ರಯೋಗವೊಂದು ಪ್ರಕಟವಾಯಿತು. ಅವರೆಲ್ಲ ತೊಂಬತ್ತರ ಆಸುಪಾಸಿನವರು. ಕೊನೆಯವರೆಗೆ ಉಳಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ಇದನ್ನು ಓದಿದ ದಿನ ನಾನು ನನ್ನ ಅರವತ್ತರ ಮುಪ್ಪಿನ ಬಗೆಗೆ ಸ್ವಲ್ಪ ನಾಚಿಕೊಂಡೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯಲ್ಲಿಯೂ ವಾರಕ್ಕೆ ನೂರೈವತ್ತು ನಿಮಿಷಕ್ಕೆ ಕಡಿಮೆಯಿಲ್ಲದ ನಡಿಗೆಯಂಥ ಶ್ರಮದ ಜೊತೆಗೆ ಎರಡು ದಿನವಾದರೂ ಸ್ನಾಯುವಿಗೆ ಭಾರ ಕೊಡಬೇಕೆಂದಿದೆ. ನಮ್ಮಲ್ಲಿ ಹಿರಿಯರು ನಡೆಯುತ್ತಾರೆ. ಬೆಳಗಿನಲ್ಲಿ ಮುಧೋಳ ರಸ್ತೆಯಲ್ಲಿ ಸ್ವೆಟರು, ಮಫ್ಲರುಗಳ ಮೆರವಣಿಗೆಯೇ ಇರುತ್ತದೆ. ನಡಿಗೆ ಒಳ್ಳೆಯದು, ಆದರೆ ಅದೊಂದೇ ಸಾಲದು. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆಗೆ ಕೈಕೊಟ್ಟು ಮೈಯನ್ನು ದೂಡುವುದು, ಅರ್ಧ ಕೊಡ ನೀರನ್ನು ಎತ್ತಿ ಇಳಿಸುವುದು, ಇಷ್ಟಕ್ಕೆ ಯಾವ ಗರಡಿಮನೆಯೂ ಬೇಕಾಗಿಲ್ಲ. ಎದೆಯ ನೋವು, ಕೀಲಿನ ಬಾಧೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ತೊಡಗಬೇಕು.

ಇನ್ನು ತಟ್ಟೆ. ಲೆಕ್ಕ ಹಾಕಿ ನೋಡಿದೆ. ವರ್ಷಕ್ಕೆ ನೂರಕ್ಕೆ 0.7ರಷ್ಟು ಉರಿ ತಗ್ಗಿದರೆ, ದಿನಕ್ಕೆ ಎರಡು ಸಾವಿರ ಕ್ಯಾಲೊರಿ ಬೇಕಾದವನಿಗೆ ಹತ್ತು ವರ್ಷದ ಮೇಲೆ ಸುಮಾರು 140 ಕ್ಯಾಲೊರಿ ಕಡಿಮೆ ಸಾಕು. ಅದು ನಮ್ಮ ಕಡೆಯ ಒಂದು ಜೋಳದ ರೊಟ್ಟಿ. ಅರವತ್ತರಿಂದ ಎಪ್ಪತ್ತಕ್ಕೆ ಬಿಡಬೇಕಾದದ್ದು ದಿನಕ್ಕೊಂದು ರೊಟ್ಟಿ, ಊಟವನ್ನಲ್ಲ. ಬಿಟ್ಟ ರೊಟ್ಟಿಯ ಜಾಗದಲ್ಲಿ ಹೆಸರುಕಾಳು, ಮಡಿಕೆಕಾಳು, ಬೇಳೆ, ಮೊಸರು ಬರಬೇಕು. ವೃದ್ಧರಿಗೆ ಮೈತೂಕದ ಕಿಲೋ ಒಂದಕ್ಕೆ ಒಂದು ಗ್ರಾಮು ಅಥವಾ ತುಸು ಹೆಚ್ಚು ಪ್ರೋಟೀನು ಬೇಕೆಂದು ಈ ವಿಷಯದ ತಜ್ಞರು ಹೇಳುತ್ತಾರೆ. ಮೂತ್ರಪಿಂಡದ ತೊಂದರೆಯಿದ್ದವರ ಮಾತು ಬೇರೆ. ನೂರು ಗ್ರಾಂ ಜೋಳದಲ್ಲಿ ಹತ್ತು ಗ್ರಾಮಿನಷ್ಟು, ಅಷ್ಟೇ ತೊಗರಿಬೇಳೆಯಲ್ಲಿ ಇಪ್ಪತ್ತಕ್ಕೂ ಮೇಲೆ, ಶೇಂಗಾದಲ್ಲಿ ಇನ್ನೂ ತುಸು ಹೆಚ್ಚು. ಆದರೆ ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಚಟ್ನಿಯ ಪುಡಿಯನ್ನು ಮುಷ್ಟಿಗಟ್ಟಲೆ ತಿನ್ನಲಾಗದು. ಜೋಳದಲ್ಲಿ ಕೊರತೆಯಿರುವ ಅಂಶವನ್ನು ಬೇಳೆಕಾಳು ತುಂಬಿಕೊಡುತ್ತದೆ. ರೊಟ್ಟಿಗೆ ಝುಣಕವನ್ನೋ ಕಾಳುಪಲ್ಯವನ್ನೋ ಜೋಡಿಸಿದ ನಮ್ಮ ಅಡಿಗೆಮನೆಗೆ ಇದು ಕೈಯಳತೆಯಿಂದಲೇ ತಿಳಿದಿತ್ತು. ಹಲ್ಲು ಹೋದವರಿಗೆ ಕಾಳನ್ನು ಮೆತ್ತಗೆ ಬೇಯಿಸಿ ಕೊಡಬೇಕಷ್ಟೆ.

ಬೆಲ್ಲದ ಊರಿನವನಾದ್ದರಿಂದ ಒಂದು ಅಪ್ರಿಯ ಸತ್ಯವನ್ನೂ ಹೇಳಬೇಕು. ಸಕ್ಕರೆ ಬಿಟ್ಟು ಬೆಲ್ಲ ಹಿಡಿದೆನೆಂದು ಸಿಹಿಮೂತ್ರದವರು ಸಮಾಧಾನಪಡುವುದುಂಟು. ಬೆಲ್ಲಕ್ಕೆ ಬಣ್ಣವಿದೆ, ವಾಸನೆಯಿದೆ, ಸ್ವಲ್ಪ ಕಬ್ಬಿಣದ ಅಂಶವೂ ಇದೆ. ಉಳಿದದ್ದು ಬಹುಪಾಲು ಸಕ್ಕರೆಯೇ. ನಾನು ಬೆಲ್ಲವನ್ನು ಬಿಟ್ಟಿಲ್ಲ, ಅದನ್ನು ಔಷಧಿಯೆಂದು ಕರೆಯುವುದನ್ನು ಬಿಟ್ಟಿದ್ದೇನೆ.

ಮತ್ತೊಂದು ಸಂಗತಿಯನ್ನು ಮುಟ್ಟಿ ಮುಂದೆ ಹೋಗುತ್ತೇನೆ. ಔಷಧಿಯ ಗುಳಿಗೆಯೂ ಚಯಾಪಚಯಕ್ಕೆ ಒಳಗಾಗುವ ಪದಾರ್ಥವೇ. ಯಕೃತ್ತು, ಮೂತ್ರಪಿಂಡಗಳ ವೇಗ ತಗ್ಗಿದಾಗ ಹಲವು ಗುಳಿಗೆಗಳು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ನಲವತ್ತರಲ್ಲಿ ನುಂಗಿದ ನೋವಿನ ಗುಳಿಗೆಯನ್ನು ಅದೇ ಲೆಕ್ಕದಲ್ಲಿ ಎಪ್ಪತ್ತರಲ್ಲಿಯೂ ಅಂಗಡಿಯಿಂದ ತಂದು ನುಂಗುವುದು ಸರಿಯಲ್ಲ. ಬಾಯಾರಿಕೆಯ ಅರಿವೂ ಮಂಕಾಗುವುದರಿಂದ ನಮ್ಮ ಬಿಸಿಲುನಾಡಿನ ವೃದ್ಧರು ಬಾಯಾರುವವರೆಗೆ ಕಾಯದೆ ನೀರು ಕುಡಿಯಬೇಕು.

ನನ್ನ ಮಾತಿನಲ್ಲಿ ಇಲ್ಲಿಯವರೆಗೂ ಬಂದದ್ದು ಗಂಡಸರ ತಟ್ಟೆ. ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವರ ತಟ್ಟೆಯನ್ನು ಯಾವ ಅಧ್ಯಯನವೂ ಬೇಡ, ನಾವು ತಿರುಗಿ ನೋಡಿದ್ದರೆ ಸಾಕಾಗಿತ್ತು. ನಮ್ಮ ಅಕ್ಕನಿಗೆ ಎಪ್ಪತ್ತೆಂಟು ವರ್ಷ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಯೇ ಇದ್ದಾಳೆ. ಎಲ್ಲರದೂ ಆದ ಮೇಲೆ ಅರ್ಧ ರೊಟ್ಟಿಯನ್ನು ಚಹಾದಲ್ಲಿ ಅದ್ದಿಕೊಂಡು ತಿಂದು, “ನಂದೇನ ತಮ್ಮಾ, ಹಣ್ಣಾದ ಜೀವ, ಇಷ್ಟ ಸಾಕ” ಎನ್ನುತ್ತಿದ್ದಳು. ಅದನ್ನು ನಾನು ವರ್ಷಗಟ್ಟಲೆ ವೈರಾಗ್ಯವೆಂದು ತಿಳಿದಿದ್ದೆ. ಮುದುಕಿಗೆ ಎಷ್ಟು ಬೇಕು ಎಂದು ಊರು ಕೇಳುತ್ತದೆ. ಆ ಪ್ರಶ್ನೆಯನ್ನು ಅವಳೂ ನುಂಗಿಕೊಂಡಿದ್ದಾಳೆ. ಸೊಂಟ ಮುರಿದು ಹಾಸಿಗೆ ಹಿಡಿದ ಎಷ್ಟೋ ಅಜ್ಜಿಯರ ಹಿಂದೆ ಇಂಥ ಅರ್ಧ ರೊಟ್ಟಿಗಳ ಸಾಲು ಇದ್ದೀತೆಂಬುದು ನನಗೆ ಹೊಳೆದದ್ದು ನನ್ನ ಮೊಳಕಾಲು ನಡುಗಿದ ಮೇಲೆ. ಈಗ ಅವಳ ತಟ್ಟೆ ನನ್ನ ತಟ್ಟೆಯ ಜೊತೆಗೇ ಬರುತ್ತದೆ. ಒಂದು ಬಟ್ಟಲು ಮೆತ್ತಗೆ ಬೆಂದ ಹೆಸರುಕಾಳು, ಒಂದು ಬಟ್ಟಲು ಮೊಸರು. ಮೊದಲ ತಿಂಗಳು ದಿನವೂ ಜಗಳ. ಆಮೇಲೆ ಜಗಳ ವಾರಕ್ಕೆರಡಾಯಿತು.

ಒಂದು ದಿನ ಕುರ್ಚಿಯಿಂದ ಏಳುವ ಕಸರತ್ತನ್ನು ಅವಳಿಗೆ ಕಲಿಸಲು ಹೋದೆ. ಅವಳು ನೆಲದ ಮೇಲೆ ಕುಳಿತಿದ್ದಳು. ಬಾಲ್ಯದಿಂದ ನೆಲದ ಮೇಲೆ ಕೂತು ಕಂಡಿಕೆ ಸುತ್ತಿದವಳು. ಕೈಯೂರದೆ, ಸೆರಗು ಸರಿಮಾಡಿಕೊಳ್ಳುತ್ತ ಎದ್ದು ನಿಂತಳು. “ನೀ ಕುರ್ಚಿ ಮ್ಯಾಲೆ ಕುಂತ ಕೆಟ್ಟಿ, ತಮ್ಮಾ” ಎಂದಳು. ನಾನು ನೆಲದ ಮೇಲೆ ಕುಳಿತು ಹಾಗೆ ಏಳಲು ನೋಡಿದೆ. ಗೋಡೆಯನ್ನು ಹಿಡಿದೇ ಏಳಬೇಕಾಯಿತು.

ಈ ವರ್ಷದ ಯುಗಾದಿಗೆ ಮತ್ತೆ ಬೆಲ್ಲದ ಪೆಂಟಿ ಬಂತು. ಮೊಮ್ಮಗ ಓಡಿ ಬಂದ, ಬೇಡವೆಂದೆ. ಬೆನ್ನು ಬಾಗಿಸದೆ ಮೊಳಕಾಲು ಮಡಚಿ, ಎದೆಗೆ ಆನಿಸಿಕೊಂಡು ಎತ್ತಿದೆ. ಹೊಸ್ತಿಲಿನಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ, “ಹಗೂರ, ತಮ್ಮಾ, ಹಗೂರ” ಎಂದು ದಾರಿ ಬಿಟ್ಟಳು.